ಸೂಗಮ್ಮನ ಧಾಟಿ ಮಾರಿದವರು ಯಾರು?

"ನನ್ನ ಧಾಟಿ ಕಳುವಾಗ್ಯಾದ್ರಿ, ಅಯ್ನೋರ," ಎಂದಳು ಸೂಗಮ್ಮ.

ನಿವೃತ್ತ ಪೊಲೀಸ್ ಅಮೀನ ಗುರುಲಿಂಗಯ್ಯನವರ ಶಹಾಬಾದಿನ ಮನೆಗೆ ಎಂತೆಂಥ ಕಳವಿನ ದೂರುಗಳೋ ಬರುತ್ತಿದ್ದವು. ಹಾಡಿನ ಕಳವು ಮಾತ್ರ ಅವರ ಸಂಗಡಿಗ ಶೌಕತ ಅಲಿಗೆ ಹೊಸದು. ಚಿತ್ತಾಪುರದ ಸೂಗಮ್ಮ ವಿಧವೆ. ಅಣ್ಣ ಅಂಬಾರಾಯನ ಆಸರೆಯಲ್ಲಿದ್ದಳು. ವಚನಗಳಿಗೆ ಧಾಟಿ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ. ವಾಡಿ ಸ್ಟೇಷನ್ನಿನ ಹೋಟೆಲಿನಲ್ಲಿ ಗ್ರಾಮಫೋನ್ ಪ್ಲೇಟಿನಿಂದ ತನ್ನದೇ ಧಾಟಿ ಯಾರದೋ ಕಂಠದಲ್ಲಿ ಕೇಳಿದಾಗ ಅವಳಿಗೆ ನಿಂತ ನೆಲವೇ ಕುಸಿದಂತಾಗಿತ್ತು.

ಶೌಕತ ಅಲಿ ಹೈದರಾಬಾದಿಗೆ ಹೋಗಿ ಆ ಪ್ಲೇಟಿನ ಕಂಪನಿಯ ಏಜೆಂಟನನ್ನು ಕಂಡು ಬಂದ. "ಧಾಟಿ ಕಟ್ಟಿದವರ ಜೋಡಿ ಕರಾರಾಗ್ಯಾದಂತ. ಪ್ಲೇಟು ಮಾರಿದಂಗೆಲ್ಲ ಅವರಿಗೆ ರಾಯಲ್ಟಿ ಅಂತ ಪಾಲು ಹೋಗ್ತದ. ಹೆಸರು ಮಾತ್ರ 'ಭೀಮಾದಾಸ'. ಖರೇ ಹೆಸರು ಹೇಳ್ಲಿಲ್ಲ."

"ಹಾರ್ಮೋನಿಯಂ ಅಮೃತಪ್ಪಂದೇ ಕೆಲಸ," ಎಂದಳು ಸೂಗಮ್ಮ. "ಅವಂಗಷ್ಟೇ ಕಲಿಸೀನ್ರಿ. ಮನ್ಯಾಗ ಅಣ್ಣಾನೂ ಹಂಗೇ ಅಂತಾನ."

"ಪ್ಲೇಟಿನ್ಯಾಗ ನೀ ಕಲಿಸಿದಂಗೇ ಅದೇನವ್ವ?" ಎಂದು ಕೇಳಿದರು ಗುರುಲಿಂಗಯ್ಯ.

ಅವಳು ತಡವರಿಸಿದಳು. "ಇಲ್ರಿ. ಆಗ ಕೊನೀ ಸಾಲು ಕೆಳಗಿಳೀತಿತ್ತು. ಆಮ್ಯಾಲ ಅಡಿಗಿ ಮನ್ಯಾಗ ಗುನಗಿಕೊಂತ ಅದನ್ನ ಮ್ಯಾಲಕ್ಕೇರಿಸಿದೆ. ಪ್ಲೇಟಿನ್ಯಾಗೂ ಏರ್ತದ. ಹೊರಗ ಯಾರ ಮುಂದೂ ಹಂಗ ಹಾಡಿಲ್ಲ."

ಗುರುಲಿಂಗಯ್ಯನವರ ಮುಖ ಕಪ್ಪಿಟ್ಟಿತು.

ಮರುದಿನ ಅಂಬಾರಾಯನ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. "ನನಗ ಹಾಡಿನ ಗಂಧಾನೇ ಇಲ್ರಿ. ಆ ಪ್ಲೇಟೂ ಕೇಳಿಲ್ಲ," ಎಂದ ಅಂಬಾರಾಯ.

"ಅಮೃತಪ್ಪಾ, ನಿನಗ ಕಲಿಸಿದಂಗ ಬಾರಿಸು," ಎಂದರು ಗುರುಲಿಂಗಯ್ಯ. ಅವನು ಹಾರ್ಮೋನಿಯಂ ಎಳೆದುಕೊಂಡು ಬಾರಿಸಿದ. ಧಾಟಿ ಕೊನೆಯಲ್ಲಿ ಇಳಿಯಿತು.

"ಹಂಗಲ್ಲೋ, ಅಲ್ಲಿ ಏರ್ತದ!" ಅಂಬಾರಾಯನ ಬಾಯಿ ಜಾರಿತು.

ಗುರುಲಿಂಗಯ್ಯನವರೇ ಬಿಡಿಸಿ ಹೇಳಿದರು. "ಅಮೃತಪ್ಪ ಮಾರಿದ್ರ ಪ್ಲೇಟಿನ್ಯಾಗ ಧಾಟಿ ಇಳೀಬೇಕಿತ್ತು. ಏರೋ ಧಾಟಿ ಈ ಮನೀ ಹೊಸ್ತಿಲ ದಾಟಿರಲಿಲ್ಲ. ಅಂದಮ್ಯಾಲ ಕದ್ದಂವ ಮನೀಯಂವನೇ. ಹಾಡೇ ಗೊತ್ತಿಲ್ಲ, ಪ್ಲೇಟು ಕೇಳಿಲ್ಲ ಅಂದಿ. ಏರೋದು ಹ್ಯಾಂಗ ಗೊತ್ತಾತು, ಅಂಬಾರಾಯ?"

ಅಂಬಾರಾಯ ತಲೆ ತಗ್ಗಿಸಿದ. "ಏಜೆಂಟನ ಮುಂದ ನಾನೇ ಹಾಡಿ ತೋರಿಸಿದೆ. ಮನೀ ಹೆಣ್ಣುಮಗಳ ಹೆಸರು ಹೋಟೆಲಿನ್ಯಾಗ ಒದರಬಾರ್ದಂತ ಭೀಮಾದಾಸ ಅಂತ ಬರೆಸಿದೆ..."

"ಹೆಸರು ಬರಬಾರ್ದು, ಪಾಲು ಬರಬೇಕೇನಣ್ಣಾ?" ಎಂದಳು ಸೂಗಮ್ಮ.

ಹಳೆಯ ಕರಾರು ರದ್ದಾಯಿತು. ಹೊಸದಕ್ಕೆ ಅವಳೇ ಸಹಿ ಹಾಕಿದಳು. ಸೇಡಂನ ಗೆಳತಿ ಶರಣಬಸಮ್ಮನ ಮನೆಗೆ ಹೊರಟು ನಿಂತವಳನ್ನು ಅಂಬಾರಾಯ ಬಾಗಿಲಲ್ಲಿ ತಡೆದ. ಮಾಫಿ ಮಾಡಿಸಬೇಕೆಂದು ಶೌಕತ ಅಲಿಯೂ ಬಾಯಿ ತೆರೆದ.

"ಕಳುವು ಮಾಫ್ ಮಾಡೀನಿ ಅಣ್ಣಾ," ಎಂದಳು ಸೂಗಮ್ಮ. "ಆದ್ರ ನಾ ಮನ್ಯಾಗ ಅಮೃತಪ್ಪಗ ಕಳ್ಳ ಅಂದಾಗ ನೀ ಬಾಜೂಕೇ ಕುಂತು ಹೌದು ಹೌದು ಅಂದಿ. ಅದನ್ನ ಅವನೇ ಮಾಫ್ ಮಾಡ್ಬೇಕು."

ಶೌಕತ ಅಲಿ ಅವಳ ಗಂಟನ್ನು ಎತ್ತಿಕೊಂಡ.