ಕೆಂಪು ಚೂರಿನ ಮೀನು

ಮಗಳು ಇನ್ನೂ ತೊದಲುತ್ತಿದ್ದ ಕಾಲದಲ್ಲಿ ಅವನೊಂದು ಮಾತು ಕೊಟ್ಟಿದ್ದ: ನಿನ್ನ ಕಿಟಕಿಗೆ ಬಣ್ಣದ ಗಾಜಿನ ಮೀನು ಮಾಡಿಕೊಡುತ್ತೇನೆ. ಮಗಳಿಗೆ ಎಂಟು ತುಂಬಿದರೂ ಮೀನು ಬರಲಿಲ್ಲ. ಕಂಡವರ ಕಿಟಕಿಗೆಲ್ಲ ನವಿಲು, ಹೂಬಳ್ಳಿ, ಹಾಯಿದೋಣಿ. ತನ್ನ ಮನೆಯ ಕಿಟಕಿಗೆ ಹಳೇ ಹೊದಿಕೆ ಕತ್ತರಿಸಿ ಹೊಲಿದ ಪರದೆ. ದೀಪದ ಬುಡದಲ್ಲಿ ಕತ್ತಲೆ ಎಂದು ಹೆಂಡತಿ ನಗುತ್ತಿದ್ದಳು. ಮಗಳು ನಗುತ್ತಿರಲಿಲ್ಲ. ಹಲ್ಲುಜ್ಜುವಾಗಿನಿಂದ ದಿಂಬಿಗೆ ತಲೆ ಕೊಡುವವರೆಗೆ "ಅಪ್ಪಾ, ಮೀನು ಯಾವಾಗ?" ಎಂಬ ಒಂದೇ ರಾಗ. ಅದಕ್ಕೇ ಮನೆಯಲ್ಲಿ ಅವಳಿಗೆ ಪಿಟೀಲು ಎಂದು ಹೆಸರು.

ಆ ಬೀದಿಗೆ ಅವರು ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಮುಂದಿನ ಕೋಣೆಯಲ್ಲಿ ಗಾಜಿನ ಕೆಲಸ, ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ನಡುವೆ ಇದ್ದ ಒಂದೇ ಬಾಗಿಲಿನ ಸಂದಿಯಿಂದ ಬೆಸುಗೆಯ ಹೊಗೆ ಒಳಗೆ ಹೋಗುತ್ತಿತ್ತು, ಪಿಟೀಲಿನ ರಾಗ ಹೊರಗೆ ಬರುತ್ತಿತ್ತು.

ಒಂದು ಸೋಮವಾರ ಅಜ್ಜಿಯೊಬ್ಬಳು ಬೂಟಿನ ಡಬ್ಬಿಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಡಬ್ಬಿಯೊಳಗೆ ಹತ್ತಿ, ಹತ್ತಿಯೊಳಗೆ ಅಂಗೈಯಗಲದ ಗಾಜಿನ ಹಕ್ಕಿ. ನೀಲಿ ಮೈ, ಹಳದಿ ಕೊಕ್ಕು. ರೆಕ್ಕೆ ಮಾತ್ರ ಕಡುಕೆಂಪು, ಮೂರು ಹೋಳಾಗಿ ಸೀಳಿತ್ತು. ಸುತ್ತಲಿನ ಮೆತ್ತನೆಯ ಸೀಸದ ಪಟ್ಟಿ ಹೋಳುಗಳನ್ನು ಉದುರಲು ಬಿಟ್ಟಿರಲಿಲ್ಲ.

"ಮೊಮ್ಮಗಂದು. ಚೆಂಡು ತಾಗ್ತು," ಎಂದಳು ಅಜ್ಜಿ.

ಗಾಜಿನವನು ಹಕ್ಕಿಯನ್ನು ಬೆಳಕಿಗೆ ಹಿಡಿದ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅಂಥ ಕೆಂಪನ್ನು ಕಂಡಿರಲಿಲ್ಲ. ಹೆಪ್ಪುಗಟ್ಟಿದಂಥ ಕೆಂಪು. ಮೂಗಿನ ಬಳಿ ತಂದರೆ ಕೂದಲು ಸುಟ್ಟ ವಾಸನೆ.

"ಹೊಸ ರೆಕ್ಕೆ ಕೊಯ್ದು ಕೂರಿಸ್ತೀನಿ ಬಿಡಿ, ಅಜ್ಜಿ. ಗುರುವಾರ ಬನ್ನಿ."

"ಅಯ್ಯೋ, ಬೇಡ!" ಅಜ್ಜಿ ಅವನ ಮಣಿಕಟ್ಟು ಹಿಡಿದಳು. ಬೆರಳುಗಳು ತಣ್ಣಗಿದ್ದವು. "ಇದೇ ಚೂರುಗಳನ್ನ ಇದರಲ್ಲೇ ಕೂಡಿಸಿ. ಗೆರೆ ಕಂಡ್ರೆ ಕಾಣ್ಲಿ."

"ತೇಪೆ ಹಾಕಿದ ಹಾಗಿರುತ್ತೆ."

"ಇರ್ಲಿ." ಅವಳು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಮ್ಮನೆಗೆ ಯಾರೋ ಮಾಟ ಮಾಡಿಸಿದ್ರು. ಇವನಿಗಿಂತ ಮುಂಚೆ ಎರಡು ಮಕ್ಕಳು ಹೋದ್ವು. ಮೊದಲು ಮಾತು ನಿಲ್ತು. ಆಮೇಲೆ ಕಣ್ಣು. ಆಮೇಲೆ ಉಸಿರು. ಇವನಿಗೂ ಶುರುವಾದಾಗ ತಿಳಿದವರೊಬ್ಬರು ಅದನ್ನ ಈ ಕೆಂಪು ಗಾಜಿಗೆ ಇಳಿಸಿ ಸೀಸದಲ್ಲಿ ಕಟ್ಟಿದ್ರು. ಮಗು ಉಳೀತು. ಹೋದ ಮಾತು ಮಾತ್ರ ಬರ್ಲಿಲ್ಲ, ಆರು ವರ್ಷ ಆಯ್ತು. ಸೀಸದಿಂದ ಆಚೆ ಬಂದ್ರೆ ಅದು ಹತ್ತಿರ ಇರೋ ಇನ್ನೊಂದು ಮಗೂನ ಹುಡುಕುತ್ತೆ, ಮೇಸ್ತ್ರಿ."

ಗಾಜಿನವನು ಗಹಗಹಿಸಿ ನಕ್ಕ. "ನನ್ನ ಕೈ ಕೊಯ್ದದ್ದು ಬಿಟ್ರೆ ಗಾಜು ಇಷ್ಟು ವರ್ಷದಲ್ಲಿ ಬೇರೇನೂ ಮಾಡಿಲ್ಲ, ಅಜ್ಜಿ. ಆಯ್ತು, ಇದೇ ಚೂರು, ಇದೇ ಸೀಸ. ಧೈರ್ಯವಾಗಿ ಹೋಗಿ."

ಅವಳು ಬೀದಿ ತಿರುಗುವ ಮೊದಲೇ ಸೀಸದ ಪಟ್ಟಿಯನ್ನು ಬಿಡಿಸಿದ. ತೇಪೆಯ ಕೆಲಸ ತನ್ನ ಕೈಯಿಂದ ಆಚೆ ಹೋಗಬಾರದು ಎಂಬ ಜಂಬ. ಹಳೆಯ ಹೋಳುಗಳನ್ನು ಕಾಗದದ ಮೇಲೆ ಜೋಡಿಸಿ, ಸುತ್ತ ಗೀಟೆಳೆದು, ಅದೇ ಅಳತೆಗೆ ಬೇರೆ ಕೆಂಪು ಗಾಜು ಕೊಯ್ದು ಕೂರಿಸಿದ. ನೋಡಿದವರ ಕಣ್ಣಿಗೆ ಹಕ್ಕಿ ಒಡೆದದ್ದೇ ಸುಳ್ಳು.

ಉಳಿದ ಮೂರು ಹೋಳುಗಳು ಚೂರಿನ ಡಬ್ಬಿಗೆ ಹೋದವು. ಗಾಜಿನವರ ಮನೆಯಲ್ಲಿ ಬಣ್ಣದ ಚೂರು ಬಿಸಾಡುವ ಪದ್ಧತಿಯಿಲ್ಲ. ಒಂದು ಕೆಲಸದಲ್ಲಿ ಬಿಟ್ಟದ್ದು ಇನ್ನೊಂದಕ್ಕೆ ಒದಗುತ್ತದೆ. ಮುಚ್ಚಳ ಹಾಕಿದ ಮೇಲೆ ಡಬ್ಬಿ ಟಿಕ್ ಎಂದಿತು. ಗಾಜು ಕೊಯ್ಯುವ ಪುಟ್ಟ ಚಕ್ರ ಎಳೆದ ಗೆರೆಯುದ್ದಕ್ಕೂ ಗಾಜು ಬಿರಿಯುವ ಮುನ್ನ ಆಗುವ ಸದ್ದು ಅದು.

ಬುಧವಾರ ಮಧ್ಯಾಹ್ನ ಶಾಲೆಯಿಂದ ಬಂದ ಪಿಟೀಲು ಆ ಡಬ್ಬಿಯನ್ನೇ ತೆರೆದಳು. "ಅಪ್ಪಾ, ಈ ಕೆಂಪು ಮೀನಿಗೆ ಆಗುತ್ತಲ್ವಾ? ಇವತ್ತೂ ಇಲ್ಲ ಅಂದ್ರೆ ನಾನು ನಿನ್ನ ಹತ್ರ ಮಾತೇ ಬಿಡ್ತೀನಿ."

"ನೀನು? ಮಾತು ಬಿಡೋದು? ಹಾಗಾದ್ರೆ ಇನ್ನೊಂದು ವಾರ ಮೀನು ಬೇಡ!"

ಅವಳ ಮುಖ ಸಪ್ಪಗಾಯಿತು. ಅಷ್ಟಕ್ಕೇ ಅವನು ಹಿಡಿದ ಕೆಲಸ ಬದಿಗಿಟ್ಟ. ಮೂರು ಹೋಳುಗಳೂ ಮೀನಿನ ಬೆನ್ನಾದವು. ಬಾಲಕ್ಕೆ ಹಸಿರು, ಕಣ್ಣಿಗೆ ಹಳದಿ. ಇಷ್ಟು ಸಣ್ಣ ಕೆಲಸಕ್ಕೆ ಸೀಸದ ಪಟ್ಟಿ ದಪ್ಪವಾಯಿತೆಂದು ಅಂಚುಗಳಿಗೆ ತಾಮ್ರದ ತೆಳು ಟೇಪು ಸುತ್ತಿ ಬೆಸೆದ. ಅಂಚು ಉಜ್ಜುವಾಗ ಮತ್ತೆ ಸುಟ್ಟ ಕೂದಲಿನ ವಾಸನೆ. ಉಜ್ಜುವ ಯಂತ್ರದ ಮೋಟಾರು ಬಿಸಿಯಾಗಿರಬೇಕು ಎಂದುಕೊಂಡ.

ಗುರುವಾರ ಬೆಳಿಗ್ಗೆ ಮೀನು ಕಿಟಕಿಗೇರಿತು. ಅಂದೇ ಅಜ್ಜಿ ಬಂದಳು. ಮಂಜಾದ ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ನೋಡುವವಳಂತೆ ರೆಕ್ಕೆಯ ಮೇಲೆ ಬೆರಳಾಡಿಸಿದಳು. ಒಮ್ಮೆ. ಮತ್ತೊಮ್ಮೆ.

"ಗೆರೆ ಎಲ್ಲಿ?"

"ಅದೇ ಕೈಚಳಕ, ಅಜ್ಜಿ."

ಒಳಗಿನಿಂದ ಪಿಟೀಲಿನ ಹಾಡು ಕೇಳಿಸಿತು: "ನನ್ನ ಮೀನು ಬಂತು, ಕೆಂಪು ಮೀನು ಬಂತು!" ಅಜ್ಜಿ ಒಳಬಾಗಿಲನ್ನೇ ದಿಟ್ಟಿಸಿದಳು. ತುಟಿ ಅಲುಗಿತು. ಡಬ್ಬಿಯನ್ನೆತ್ತಿಕೊಂಡು, ಆ ವಯಸ್ಸಿನವರು ಇಳಿಯಬಾರದ ವೇಗದಲ್ಲಿ ಮೆಟ್ಟಿಲಿಳಿದಳು.

ಶುಕ್ರವಾರ ಶಾಲೆಗೆ ರಜೆ. ಹೆಂಡತಿ ಬಟ್ಟೆ ಕಾರ್ಖಾನೆಯ ಪಾಳಿಗೆ ಹೋಗಿದ್ದಳು. ಮೋಡ ಮುಚ್ಚಿದ ಮಧ್ಯಾಹ್ನ, ಬೀದಿಯೆಲ್ಲ ಬೂದಿಬಣ್ಣ. ಗಾಜಿನವನು ಹಾಯಾಗಿ ಕೆಲಸ ಮಾಡುತ್ತಿದ್ದ. ಎಷ್ಟು ದಿನವಾಗಿತ್ತು ಇಷ್ಟು ಹಾಯಾಗಿ ಕೆಲಸ ಮಾಡಿ! ಒಂದು ತಾಸು ಕಳೆಯಿತು. ಆಮೇಲೆ ಹೊಳೆಯಿತು: ಬೆಳಿಗ್ಗೆಯಿಂದ ಯಾರೂ ಅಪ್ಪಾ ಎಂದಿಲ್ಲ.

ಚಕ್ರ ಬಿಟ್ಟು ಒಳಕೋಣೆಗೆ ಓಡಿದ.

ಪಿಟೀಲು ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಬಾಯಿ ತೆರೆದಿತ್ತು. ಕೂಗುತ್ತಿದ್ದಳು; ಕತ್ತಿನ ನರ ಉಬ್ಬಿತ್ತು, ಸದ್ದಿರಲಿಲ್ಲ. ಕೋಣೆಯ ತುಂಬ ಸುಟ್ಟ ಕೂದಲಿನ ಘಾಟು. ಅವಳ ಗಂಟಲ ಮೇಲೆ ಕಾಸಿನಗಲದ ಕೆಂಪು ಬೆಳಕು ಬಿದ್ದಿತ್ತು.

ಹೊರಗೆ ಬಿಸಿಲಿರಲಿಲ್ಲ.

ಪರದೆ ಎಳೆದ. ಕೋಣೆ ಕತ್ತಲಾಯಿತು. ಕೆಂಪು ಇನ್ನಷ್ಟು ಗಾಢವಾಯಿತು. ಅಂಗೈಯಿಂದ ಮುಚ್ಚಿದ. ಬೆಳಕು ಅವನ ಕೈಮೇಲೆ ಬರಲಿಲ್ಲ. ಕೈಯಡಿಯಲ್ಲಿ, ಅವಳ ಚರ್ಮದ ಮೇಲೆ, ಬೆಚ್ಚಗೆ ಮಿಡಿಯಿತು. ಕಿಟಕಿಯಲ್ಲಿ ಮೀನು ತಾನಾಗಿ ತಿರುಗಿತು. ಟಿಕ್. ಕೆಂಪು ಗದ್ದಕ್ಕೇರಿತು.

ಮೀನನ್ನು ಕಿತ್ತುಕೊಂಡ. ಮಗಳನ್ನು ಹೆಗಲಿಗೆ ಹಾಕಿಕೊಂಡು ಮುಂದಿನ ಕೋಣೆಗೆ ಓಡಿದ. ರಸೀದಿ ಪುಸ್ತಕದಲ್ಲಿ ಅಜ್ಜಿಯ ನಂಬರು ಹುಡುಕಿ ಫೋನು ಹಚ್ಚಿದ.

"ಯಾ... ಯಾರು?" ತುಕ್ಕು ಹಿಡಿದ ಕೀಲಿನಂಥ ದನಿ. ಮಗುವಿನ ದನಿ.

ಮಾತು ಹೋದ ಮೊಮ್ಮಗ ಮಾತಾಡುತ್ತಿದ್ದ.

ಅಜ್ಜಿ ಫೋನು ಕಸಿದುಕೊಂಡಳು. "ಯಾವುದರಲ್ಲಿ ಕಟ್ಟಿದ್ದೀರಿ ಅದನ್ನ?"

"ತಾಮ್ರ. ತಾಮ್ರದ ಟೇಪು."

"ಸೀಸ ಹಾಕಿ! ಕಣ್ಣಿಗೆ ಏರೋ ಮುಂಚೆ. ಸಂದಿ ಬಿಡಬೇಡಿ. ಆಮೇಲೆ ಅವಳ ಕಿಟಕೀಲೇ ತೂಗುಹಾಕಿ, ಯಾವತ್ತೂ ತೆಗೀಬೇಡಿ."

"ಮಾತು? ಅವಳ ಮಾತು ಬರುತ್ತಲ್ವಾ?"

"ಅದು ಇನ್ನೊಂದು ಮಗು ಹತ್ರ ಹೋದಾಗ ಬರುತ್ತೆ. ಇವನಿಗೆ ಬಂತಲ್ಲ, ಹಾಗೆ."

"ನಿಮಗೆ ಗೊತ್ತಿತ್ತು. ನಿನ್ನೆ ನಿಮಗೆ ಗೊತ್ತಾಗಿತ್ತು."

"ಬೆರಳಿಗೆ ಗೊತ್ತಾಯ್ತು, ಮಗಾ. ನೀನು ಸುಳ್ಳು ಹೇಳ್ದೆ. ನಾನು ನಂಬಿದ ಹಾಗೆ ಮಾಡ್ದೆ."

ಫೋನು ಬಿಸಾಡಿದ. ಸೀಸದ ಸುರುಳಿ ಎಳೆದ. ಕತ್ತರಿಸಿದ. ಗಿಡ್ಡವಾಯಿತು. ಮತ್ತೆ ಎಳೆದ. ಬೆಸುಗೆ ಕಡ್ಡಿ ಇನ್ನೂ ಕಾದಿರಲಿಲ್ಲ. ಕೆಂಪು ತುಟಿ ದಾಟಿತು. ಟಿಕ್. ಸೀಸವನ್ನು ಮೀನಿನ ಬೆನ್ನಿಗೆ ಒತ್ತಿದ. ಗಾಜು ಬೆರಳು ಕೊಯ್ದಿತು. ಒತ್ತಿದ. ಟಿಕ್. ಮೂಗಿನ ತುದಿ. ಮಗಳು ಅವನ ಅಂಗಿ ಹಿಡಿದು ಜಗ್ಗುತ್ತಿದ್ದಳು. ಕಡ್ಡಿ ಹೊಗೆಯಾಡಿತು. ಒಂದು ಕೀಲು ಬೆಸೆದ. ಎರಡು. ಬೆಸುಗೆಯ ಹನಿ ತೊಡೆ ಸುಟ್ಟಿತು. ಅಲುಗಲಿಲ್ಲ. ಮೂರು. ಟಿಕ್. ಕೆಂಪು ಎಡಗಣ್ಣಿನ ರೆಪ್ಪೆ ಮುಟ್ಟಿತು. ಒಂದೇ ಸಂದಿ ಉಳಿದಿತ್ತು. ಕೂದಲೆಳೆಯಷ್ಟು. ಅದರೊಳಗಿನಿಂದ ಯಾರೋ ಉಸಿರುಬಿಟ್ಟಂತೆ ಬಿಸಿಗಾಳಿ. ಬೆಸುಗೆ ಸುರಿದ. ಮುಚ್ಚಿತು.

ಸದ್ದು ನಿಂತಿತು. ಕೆಂಪು ಆರಿತು. ಪಿಟೀಲು ರೆಪ್ಪೆ ಬಡಿದಳು. ಎರಡೂ ಕಣ್ಣಲ್ಲಿ ಅವನನ್ನೇ ನೋಡಿದಳು. ಬಾಯಿ ತೆರೆದು ಏನೋ ಹೇಳಿದಳು. ಕೇಳಿಸಲಿಲ್ಲ.

ಈಗ ಆ ಮನೆ ಬಲು ನಿಶ್ಶಬ್ದ. ಹೆಂಡತಿ ಅವನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಮಗಳು ಹಲ್ಲುಜ್ಜಿದ ಮೇಲೆ, ಮಲಗುವ ಮುನ್ನ, ನೋಟ್‌ಬುಕ್ಕಿನ ಹಾಳೆಯೊಂದನ್ನು ಅವನ ಮುಂದೆ ಹಿಡಿಯುತ್ತಾಳೆ. ಎಲ್ಲ ಹಾಳೆಯಲ್ಲೂ ಒಂದೇ ಸಾಲು: ಅಪ್ಪಾ, ಮಾತು ಯಾವಾಗ?

ಒಮ್ಮೊಮ್ಮೆ ಗಿರಾಕಿಗಳು ಮಕ್ಕಳ ಕೈ ಹಿಡಿದು ಅಂಗಡಿಗೆ ಬರುತ್ತಾರೆ. ಮಕ್ಕಳು ಚೂರಿನ ಡಬ್ಬಿಯ ಮುಂದೆ ಕೂತು ಕಲಕಲ ಹರಟುತ್ತವೆ. ಆಗ ಗಾಜಿನವನು ತಲೆಯೆತ್ತಿ ಒಳಬಾಗಿಲ ಕಡೆ ನೋಡುತ್ತಾನೆ. ಸೀಸ ಮೆತ್ತಗಿನ ಲೋಹ. ಬಿಡಿಸಲು ಎರಡು ನಿಮಿಷ ಸಾಕು. ಬೆವರಿದ ಕೈಯನ್ನು ಒರೆಸಿಕೊಂಡು ಮತ್ತೆ ಕೆಲಸಕ್ಕೆ ಬಾಗುತ್ತಾನೆ.

ಮೀನು ಮಗಳ ಕಿಟಕಿಯಲ್ಲಿದೆ. ಕೊಟ್ಟ ಮಾತನ್ನು ಅವನು ಉಳಿಸಿಕೊಂಡಿದ್ದಾನೆ.