ಕಲ್ಲಿನ ಮನೆಗೆ ಹೊಸ ರೂಟರ್

“ಉಮಾ, ಮತ್ತ ನಿಂತದ ನೋಡವ್ವ,” ಎಂದು ಅಜ್ಜಿ, ಮನೆಯವರೆಲ್ಲರ ಆಯಿ, ತನ್ನ ಮೊಬೈಲನ್ನು ಎತ್ತಿ ತೋರಿಸಿದಳು.

ತೆರೆಯ ಮೇಲೆ ಪ್ರವಚನ ಹೇಳುತ್ತಿದ್ದ ಸ್ವಾಮಿಗಳು ಒಂದು ಕೈ ಮೇಲೆತ್ತಿ, ಬಾಯಿ ಅರ್ಧ ತೆರೆದು ಹಾಗೆಯೇ ನಿಂತುಬಿಟ್ಟಿದ್ದರು. ಅವರ ಮೂಗಿನ ಮೇಲೆ ಚಕ್ರವೊಂದು ಸುಮ್ಮನೆ ತಿರುಗುತ್ತಿತ್ತು.

ಉಮಾಶ್ರೀ ಗಣಿತದ ಪುಸ್ತಕ ಬೋರಲು ಹಾಕಿ ಎದ್ದಳು. ಆರನೇ ಕ್ಲಾಸಿನ ಈ ಹುಡುಗಿಗೆ ಮನೆಯಲ್ಲಿ ಒಂದು ಖಾಯಂ ಕೆಲಸವಿತ್ತು. ವೈಫೈ ನಿಂತರೆ ರೂಟರಿನ ಸ್ವಿಚ್ ಬಂದ್ ಮಾಡಿ, ಸ್ವಲ್ಪ ತಡೆದು ಮತ್ತೆ ಚಾಲೂ ಮಾಡುವುದು. ಊಟಕ್ಕೆ ಕೂತಿರಲಿ, ಹೋಮ್‌ವರ್ಕ್ ಮಾಡುತ್ತಿರಲಿ, ಎಲ್ಲರೂ ಕೂಗುವುದು ಅವಳನ್ನೇ. ದಿನವೂ ಎದ್ದೆದ್ದು ಹೋಗಿ ಅವಳ ಕಾಲುಗಳಿಗೆ ಆ ದಾರಿ ರೂಢಿಯಾಗಿಬಿಟ್ಟಿತ್ತು. ಆಗಲೂ ಹಾಗೆಯೇ ಆಯಿತು. ಆಕಳಿಸುತ್ತ ಹೋದಳು, ಸ್ವಿಚ್ ಒತ್ತಿದಳು.

ಒತ್ತಿದ ಮೇಲೆ ನೆನಪಾಯಿತು. ಅಣ್ಣ ಟೆಸ್ಟ್ ಬರೆಯುತ್ತಿದ್ದ.

ಅಣ್ಣ ಚೇತನಕುಮಾರ ಪಿಯುಸಿ ಎರಡನೇ ವರ್ಷ ಓದುತ್ತಿದ್ದ. ಭಾನುವಾರಕ್ಕೊಮ್ಮೆ ಅವನ ಕೋಚಿಂಗಿನವರು ಆನ್‌ಲೈನ್ ಟೆಸ್ಟ್ ಇಡುತ್ತಿದ್ದರು. ನೆಟ್ ನಿಧಾನವಾದರೂ ಅದು ನಡೆಯುತ್ತಿತ್ತು, ಪೂರ್ತಿ ಕಡಿದರೆ ಮಾತ್ರ ಅಲ್ಲಿಗೇ ಮುಗಿದುಬಿಡುತ್ತಿತ್ತು. ಅವನು ಕಿವಿಗೆ ಹತ್ತಿ ಇಟ್ಟುಕೊಂಡು, ಗೋಡೆಗೆ ಮುಖ ಮಾಡಿ, ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂತಿದ್ದ. ಈಗ ತಿರುಗಿ ನೋಡಿದ. ಉಮಾಶ್ರೀಯ ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

ನೆಟ್ ಮರಳಿ ಬಂದಾಗ, ಟೆಸ್ಟ್ ಮುಗಿದಿದೆ ಎಂದು ಲ್ಯಾಪ್‌ಟಾಪ್ ತೋರಿಸಿತು. ಚೇತನ ಬೈಯಲಿಲ್ಲ. ಬೈದಿದ್ದರೆ ಅವಳೂ ತಿರುಗಿ ಏನಾದರೂ ಅನ್ನಬಹುದಿತ್ತು. ಅವನು ಲ್ಯಾಪ್‌ಟಾಪ್ ಮುಚ್ಚಿ, ಅಂಗಿ ಹಾಕಿಕೊಂಡು ಹೊರಗೆ ಹೋದ. ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟ.

ಸುರಪುರದ ಆ ಹಳೆಯ ಮನೆಯ ಗೋಡೆಗಳು ಕಲ್ಲಿನವು, ಒಂದು ಮೊಳಕ್ಕಿಂತ ದಪ್ಪ. ವೈಫೈ ಪಡಸಾಲೆ ದಾಟಿ ಒಳಗೆ ಹೋಗುತ್ತಿರಲಿಲ್ಲ. ಹೀಗಾಗಿ ಮನೆಮಂದಿಯೆಲ್ಲ ಪಡಸಾಲೆಯಲ್ಲೇ. ಅವ್ವ ಮಲ್ಲೇಶ್ವರಿ ಊರಿನ ಹೆಂಗಸರಿಗೆ ಸೀರೆಯ ಜಂಪರ್ ಹೊಲಿದುಕೊಡುತ್ತಿದ್ದಳು. ಅವರು ಕಳಿಸಿದ ಡಿಸೈನಿನ ಫೋಟೊ ತೆರೆಯಬೇಕಲ್ಲ, ಅದಕ್ಕೆ ಹೊಲಿಗೆ ಮಷಿನ್ ಕೂಡ ಅಲ್ಲೇ ಬಂದು ಕೂತಿತ್ತು. ಆಯಿಗೆ ಕಿವಿ ಮಂದ, ಪ್ರವಚನದ ಸದ್ದು ಜೋರು. ಮಷಿನ್ನಿನ ಕಟಕಟ, ಆಯಿಯ ಮೊಬೈಲು, ಅಣ್ಣನ ಸಿಡಿಮಿಡಿ, ಇವುಗಳ ನಡುವೆ ಹೊಸ್ತಿಲ ಪಕ್ಕದ ಮೂಲೆಯಲ್ಲಿ ಉಮಾಶ್ರೀ ಕೂರುತ್ತಿದ್ದಳು. ಒಂದೇ ಲೆಕ್ಕವನ್ನು ಮತ್ತೆ ಮತ್ತೆ ತಪ್ಪು ಮಾಡಿ ಅವಳ ತಲೆ ಭಾರವಾಗುತ್ತಿತ್ತು.

ಅವಳ ಅಪ್ಪ ಹಂಪಣ್ಣ ಸರಕಾರಿ ಬಸ್ಸಿನ ಡ್ರೈವರ್. ದಿನಾ ಶಹಾಪುರ, ಯಾದಗಿರಿ ಎಂದು ತಿರುಗಿ ಬರುತ್ತಿದ್ದ. ಅಂದು ಸಂಜೆ ಅವನು ಮನೆಗೆ ಬರುವುದೇ ತಡ, ಎಲ್ಲರೂ ತಮ್ಮ ತಮ್ಮ ದೂರು ಹೇಳಿದರು. ಅವನು ಗೋಡೆಗೆ ಒರಗಿ, ಕಣ್ಣುಜ್ಜಿಕೊಳ್ಳುತ್ತ, ಎಲ್ಲವನ್ನೂ ಕೇಳಿಸಿಕೊಂಡ.

“ಹೊಸಾದು ತರೂನು ಬಿಡ್ರಿ,” ಅಂದ. ಅಷ್ಟೇ.

ಅಪ್ಪನ ರಜೆಯ ದಿನ, ಶಾಲೆ ಬಿಟ್ಟ ಮೇಲೆ, ಅಪ್ಪ ಮಗಳು ಬಜಾರಕ್ಕೆ ಹೊರಟರು. ಹೊರಡುವಾಗ ಆಯಿ, ನಡುವೆ ನಿಲ್ಲದಂಥದ್ದು ತನ್ನಿ ಎಂದಳು. ಅವ್ವನನ್ನು ಕೇಳಿದರೆ, ದಾರ ಹಲ್ಲಿನಲ್ಲಿ ಕಡಿಯುತ್ತ, ಯಾವುದಾದರೂ ಆಗಲಿ ಎಂದಳು. ಚೇತನ ಉಮಾಶ್ರೀಯ ಕಡೆ ನೋಡದೆ ಅವ್ವನಿಗೇ ಹೇಳಿದ: “ನಾಕು ಆಂಟೆನಾದ್ದು ತರಾಕ ಹೇಳಬೇ. ನನ್ನ ಫ್ರೆಂಡ್ ಮನ್ಯಾಗ ಅಂಥಾದ್ದ ಅದ.”

ನಾಲ್ಕು ಆಂಟೆನಾದ್ದೇ ತರಬೇಕು ಎಂದು ಉಮಾಶ್ರೀ ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಳು. ಅದನ್ನು ನೋಡಿದರೆ ಅಣ್ಣ ಮಾತಾಡಬಹುದು.

ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಮೊಬೈಲು, ಚಾರ್ಜರು, ವೈರುಗಳು ತೂಗಾಡುತ್ತಿದ್ದವು. ಅಂಗಡಿ ನೋಡಿಕೊಳ್ಳುವವಳು ಅಂಜುಮ್. ಹಂಪಣ್ಣನ ಬಸ್ಸಿನಲ್ಲೇ ಓಡಾಡಿ ಯಾದಗಿರಿಯಲ್ಲಿ ಕಾಲೇಜು ಮುಗಿಸಿದವಳು. “ಬರ್ರಿ ಕಾಕಾ, ಕೂಡ್ರಿ,” ಎಂದು ಸ್ಟೂಲ್ ಹಾಕಿದಳು. ಅಪ್ಪ ಕೂತ. ಅಂಜುಮ್ ಒಳಗಿನಿಂದ ಡಬ್ಬಿಗಳನ್ನು ತರುವಷ್ಟರಲ್ಲಿ ಅವನ ತಲೆ ಪಕ್ಕದ ಕಪಾಟಿಗೆ ಒರಗಿತ್ತು. ಹೊರಗೆ ಆಟೊಗಳು ಹಾರ್ನ್ ಹೊಡೆಯುತ್ತಿದ್ದವು. ಅವನಿಗೆ ಗಾಢ ನಿದ್ದೆ.

ಉಮಾಶ್ರೀಗೆ ನಾಚಿಕೆಯಾಯಿತು. ಎಬ್ಬಿಸಲು ಹೋದಳು. ಅಂಜುಮ್ ಬೇಡ ಎಂದು ಕೈ ಮಾಡಿ, ಡಬ್ಬಿಗಳನ್ನು ಅವಳ ಮುಂದೆಯೇ ಬಿಚ್ಚಿದಳು.

ಮೊದಲನೆಯದೇ ನಾಲ್ಕು ಆಂಟೆನಾದ್ದು. ಕಪ್ಪಗೆ ಹೊಳೆಯುತ್ತ, ಕಾಲು ಮೇಲೆ ಮಾಡಿದ ಏಡಿಯ ಹಾಗಿತ್ತು. “ಇದ ಬೇಕ್ರಿ ಆಪಾ,” ಎಂದಳು ಉಮಾಶ್ರೀ.

“ತಡಿ. ಮನ್ಯಾಗ ಯಾರ್ಯಾರು ಎಲ್ಲಿ ಕೂಡ್ತೀರಿ, ಅದನ್ನ ಹೇಳು ಮೊದಲ.”

ಉಮಾಶ್ರೀ ಹೇಳತೊಡಗಿದಳು. ಎಲ್ಲರೂ ಪಡಸಾಲೆಯಲ್ಲೇ ಕೂರುವುದು. ವೈಫೈ ಬರುವ ಮೊದಲು ಹೀಗಿರಲಿಲ್ಲ. ಅಣ್ಣನ ಓದುವ ಕೋಣೆ ಮಾಳಿಗೆಯ ಮೇಲಿತ್ತು. ಅವ್ವನ ಮಷಿನ್ ನಡುಮನೆಯ ಬೆಳಕಿಂಡಿಯ ಕೆಳಗಿತ್ತು. ಆಯಿಯ ಹಾಸಿಗೆ ದೇವರ ಕೋಣೆಯ ಪಕ್ಕ. ಗೋಡೆಗಳು ಎಂಥವು ಎಂದು ಅಂಜುಮ್ ಕೇಳಿದಳು. ಕಲ್ಲಿನವು ಎಂದಾಗ ಕಪ್ಪು ರೂಟರನ್ನು ಪಕ್ಕಕ್ಕೆ ಸರಿಸಿದಳು.

“ಇದು ಜೋರ್ ಅದ. ಆದ್ರ ಪಡಸಾಲ್ಯಾಗಷ್ಟ. ಕಲ್ಲಿನ ಗ್ವಾಡಿ ಬಂತಂದ್ರ ಇದೂ ಅಲ್ಲೇ ನಿಂತಬಿಡತದ.”

ಆಮೇಲೆ ಅವಳು ಸಣ್ಣ ಬಿಳಿಯ ಡಬ್ಬಿಗಳೆರಡನ್ನು ತೆಗೆದಳು. ಆಂಟೆನಾ ಇಲ್ಲ, ಹೊಳಪಿಲ್ಲ. ಉಪ್ಪಿನ ಭರಣಿಯ ಹಾಗಿದ್ದವು. ಅವು ಜೋಡಿ ರೂಟರ್. ಒಂದನ್ನು ಪಡಸಾಲೆಯಲ್ಲಿ ಇಂಟರ್ನೆಟ್ ವೈರಿಗೆ ಹಚ್ಚಬೇಕು. ಇನ್ನೊಂದನ್ನು ನಡುಮನೆಯ ಮೆಟ್ಟಿಲ ಹತ್ತಿರ, ಬಾಗಿಲಿಗೆ ನೇರವಾಗಿ ಇಡಬೇಕು. ಮೊದಲನೆಯದು ಕಳಿಸಿದ್ದನ್ನು ಎರಡನೆಯದು ಹಿಡಿದು ಒಳಗಡೆಗೆ, ಮಾಳಿಗೆಗೆ ದಾಟಿಸುತ್ತದೆ.

ಉಮಾಶ್ರೀ ಎರಡನ್ನೂ ನೋಡಿದಳು. ಕಪ್ಪು ರೂಟರ್ ಒಯ್ದರೆ ಅಣ್ಣ ಇವತ್ತೇ ಮಾತಾಡುತ್ತಾನೆ. ಆದರೆ ಮುಂದಿನ ಭಾನುವಾರವೂ ಕಿವಿಗೆ ಹತ್ತಿ ಇಟ್ಟುಕೊಂಡು ಪಡಸಾಲೆಯಲ್ಲೇ ಕೂರಬೇಕಾಗುತ್ತದೆ. ಈ ಭರಣಿಗಳನ್ನು ಒಯ್ದರೆ ಇವತ್ತು ಮುಖ ಗಂಟು ಹಾಕಿಕೊಳ್ಳುವುದು ಗ್ಯಾರಂಟಿ. ಯಾವುದನ್ನು ಒಯ್ಯಬೇಕೆಂದು ಯಾರಾದರೂ ಹೇಳಿಬಿಟ್ಟರೆ ಸಾಕು ಎಂದು ಅವಳಿಗೆ ಅನ್ನಿಸಿತು. ಅಪ್ಪನ ತೋಳು ಅಲುಗಿಸಿದಳು.

ಅಪ್ಪ ಕಣ್ಣು ಬಿಟ್ಟು, ಎಲ್ಲಿದ್ದೇನೆ ಎಂದು ಒಂದು ಗಳಿಗೆ ಸುತ್ತ ನೋಡಿದ. ಅವಳು ಎಲ್ಲ ವಿವರಿಸಿದಳು.

“ದಿನಾ ಎದ್ದು ಅದರ ಚಾಕರಿ ಮಾಡಾಕಿ ನೀನು,” ಅಂದ ಅಪ್ಪ. “ನಿನಗ ಗೊತ್ತಿದ್ದಷ್ಟು ನನಗೇನು ಗೊತ್ತದ. ನೀನ ಹೇಳು.”

ಉಮಾಶ್ರೀ ಬಿಳಿಯ ಜೋಡಿಯ ಮೇಲೆ ಕೈಯಿಟ್ಟಳು.

ಮನೆಯಲ್ಲಿ ಡಬ್ಬಿ ಬಿಚ್ಚಿದಾಗ ಚೇತನ ಒಮ್ಮೆ ನೋಡಿದ, ಒಂದು ನಿಟ್ಟುಸಿರು ಬಿಟ್ಟ, ಎದ್ದು ಹೋದ. ಮರುದಿನ ಅಂಜುಮ್ ಬಂದು ಎರಡನ್ನೂ ಹಚ್ಚಿಕೊಟ್ಟಳು. ಮಾಳಿಗೆ ಹತ್ತಿ, ನೆಟ್ ಬರುತ್ತಿದೆಯೇ ಎಂದು ನೋಡಿ ಇಳಿದು ಬಂದಳು. ಎಲ್ಲ ಸರಿಯಾಗಿತ್ತು. ಚೇತನ ಮಾತ್ರ ಮನೆಯಲ್ಲಿರಲಿಲ್ಲ.

ಭಾನುವಾರ ಅವನು ಲ್ಯಾಪ್‌ಟಾಪ್ ತೆಗೆದುಕೊಂಡು ಮಾಳಿಗೆ ಹತ್ತಿದ. ಉಮಾಶ್ರೀ ಕೆಳಗೆ ಮೆಟ್ಟಿಲ ಹತ್ತಿರ ಕೂತು ಬಿಳಿಯ ಡಬ್ಬಿಯ ಹಸಿರು ದೀಪವನ್ನೇ ನೋಡುತ್ತಿದ್ದಳು. ಅದು ಕೆಂಪಾಗಬಾರದು, ಅಷ್ಟೇ. ಅವ್ವ ಊಟಕ್ಕೆ ಕರೆದರೂ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಅಣ್ಣ ಇಳಿದು ಬಂದ.

“ಪೂರಾ ಬರದೆ,” ಅಂದ. “ಒಮ್ಮೆನೂ ನಿಲ್ಲಲಿಲ್ಲ.” ಎರಡು ಹೆಜ್ಜೆ ನಡೆದು, ತಿರುಗಿ ನಿಂತ. “ನೀ ಉಂಡಿಲ್ಲೇನ? ನಡಿ, ಉಣ್ಣೂನು.”

ಅಷ್ಟಕ್ಕೇ ಅವಳಿಗೆ ಅಳು ಬಂತು. ತಲೆ ತಗ್ಗಿಸಿಕೊಂಡು ಅವನ ಹಿಂದೆಯೇ ಹೋದಳು.

ಆಮೇಲೆ ಒಬ್ಬೊಬ್ಬರಾಗಿ ಪಡಸಾಲೆ ಬಿಟ್ಟರು. ಅಣ್ಣ ಪುಸ್ತಕಗಳನ್ನೆಲ್ಲ ಮೇಲೆ ಒಯ್ದ. ಅವ್ವನ ಮಷಿನ್ ಬೆಳಕಿಂಡಿಯ ಕೆಳಗೆ ಹೋಯಿತು. ಕಣ್ಣಿಗೆ ಹಿತವಾಗಿದೆ ಎಂದು ಅವ್ವ ಅಂದಳು. ಆಯಿ ತನ್ನ ಹಾಸಿಗೆಯ ಮೇಲೆ ಕಾಲು ಚಾಚಿ ಪ್ರವಚನ ಕೇಳತೊಡಗಿದಳು. ಈಗ ಯಾರೂ ಉಮಾಶ್ರೀಯನ್ನು ಕೂಗುತ್ತಿರಲಿಲ್ಲ. ಇಡೀ ಪಡಸಾಲೆ ಅವಳದೇ. ನಡುವೆ ಚಾಪೆ ಹಾಸಿ, ಪುಸ್ತಕಗಳನ್ನು ಬೇಕಾದ ಹಾಗೆ ಹರವಿ ಕೂತಳು. ಲೆಕ್ಕಗಳು ಪಟಪಟನೆ ಮುಗಿದವು. ಇನ್ನೂ ಹೊತ್ತು ಉಳಿಯಿತು. ಏನು ಮಾಡಬೇಕೋ ತಿಳಿಯದೆ ಅವಳು ಫ್ಯಾನ್ ತಿರುಗುವುದನ್ನು ನೋಡುತ್ತ ಕೂತಳು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ.

“ಯಾರೂ ಇಲ್ಲೇನು ಮನ್ಯಾಗ?”

“ಎಲ್ಲಾರೂ ಅದಾರಪ್ಪ. ಒಳಗ ಅದಾರ.”

“ಹೌದಾ,” ಅಂದ ಅಪ್ಪ. ಹೊರಗೆ ಅಂಗಳದಲ್ಲಿ ಕೈಕಾಲು ತೊಳೆದು ಬಂದು, ಪಡಸಾಲೆಯ ಮಂಚದ ಮೇಲೆ ಮೈ ಚಾಚಿದ.

ಮೊದಲಾದರೆ ಮಲಗಿದ ಕೂಡಲೇ ನಿದ್ದೆ ಹತ್ತುತ್ತಿತ್ತು. ಒಂದು ಕಡೆ ಮಷಿನ್, ಒಂದು ಕಡೆ ಪ್ರವಚನ, ಅವುಗಳ ನಡುವೆಯೇ ಗೊರಕೆ ಹೊಡೆಯುತ್ತಿದ್ದ. ಇಷ್ಟು ಗದ್ದಲದಲ್ಲಿ ಅದು ಹೇಗೆ ನಿದ್ದೆ ಬರುತ್ತದೋ ಎಂದು ಉಮಾಶ್ರೀ ಸಿಡುಕುತ್ತಿದ್ದಳು. ಇವತ್ತು ಆ ಗದ್ದಲವಿಲ್ಲ, ಒಳಗಿನಿಂದ ಮಷಿನ್ನಿನ ಸಣ್ಣ ಸದ್ದಷ್ಟೇ. ಅಪ್ಪ ಕಣ್ಣು ಬಿಟ್ಟುಕೊಂಡು ಜಂತಿ ನೋಡುತ್ತಿದ್ದ. ಮಗ್ಗುಲು ಬದಲಿಸಿದ. ಮಷಿನ್ ಇದ್ದ ಜಾಗದ ಕಡೆ ನೋಡಿದ. ಮತ್ತೆ ಜಂತಿ ನೋಡಿದ.

ಉಮಾಶ್ರೀ ಸ್ವಲ್ಪ ಹೊತ್ತು ಅವನನ್ನೇ ನೋಡುತ್ತ ಕೂತಳು. ಆಮೇಲೆ ಚಾಪೆಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. ಸಮಾಜ ಪುಸ್ತಕ ತೆಗೆದು, ನದಿಗಳ ಪಾಠವನ್ನು ಬಾಯಿ ಬಿಟ್ಟು ಓದತೊಡಗಿದಳು. ಅದು ಅವಳಿಗೆ ಮೊದಲೇ ಬರುತ್ತಿತ್ತು. ಕೃಷ್ಣಾ ಎಲ್ಲಿ ಹುಟ್ಟುತ್ತದೆ, ಭೀಮಾ ಬಂದು ಎಲ್ಲಿ ಸೇರುತ್ತದೆ, ಎಲ್ಲ ಓದಿದಳು.

“ಇನ್ನೊಂಚೂರು ಜೋರ ಓದವ್ವ,” ಅಂದ ಅಪ್ಪ.

ಅವಳು ದನಿ ಏರಿಸಿದಳು. ಒಳಗೆ ಮಷಿನ್ ನಿಂತಿತು. ಅಪ್ಪ ಬಂದನೇ ಎಂದು ಅವ್ವ ಕೇಳಿದ್ದು ಕೇಳಿಸಿತು. ಉಮಾಶ್ರೀ ಓದುತ್ತಲೇ ಹೂಂ ಎಂದು ತಲೆಯಾಡಿಸಿದಳು, ಅವ್ವನಿಗೆ ಕಾಣುವುದಿಲ್ಲ ಎಂಬುದೂ ಅವಳಿಗೆ ಹೊಳೆಯಲಿಲ್ಲ.

ಪಾಠ ಮುಗಿಯಿತು. ಪುಸ್ತಕದ ಮೇಲಿನಿಂದ ಇಣುಕಿ ನೋಡಿದಳು. ಅಪ್ಪನ ಕಣ್ಣುಗಳು ಮುಚ್ಚಿದ್ದವು, ಬಾಯಿ ಸ್ವಲ್ಪ ತೆರೆದಿತ್ತು. ಅವಳು ನಿಲ್ಲಿಸಲಿಲ್ಲ. ಪುಟ ತಿರುವಿ, ಟೀಚರ್ ಇನ್ನೂ ಕಲಿಸದೇ ಇದ್ದ ಮುಂದಿನ ಪಾಠವನ್ನು ಅಷ್ಟೇ ಜೋರಾಗಿ ಓದುತ್ತ ಹೋದಳು.