ನಕ್ಷೆಯಲ್ಲಿ ಇಲ್ಲದ ರೊಪ್ಪ

"ಅಲ್ಲಿ ಯಾರೂ ಕುರಿ ಮೇಯ್ಸಲ್ಲ ಮೇಡಂ," ಎಂದುಬಿಟ್ಟಳು ದೀಪಾ.

ಸುಮಿತ್ರಾ ಮೇಡಂ ಇನ್ನೊಮ್ಮೆ ಗುಡ್ಡದ ಬುಡದ ಕಡೆ ನೋಡಿದರು. ಅವರು ಎಂಜಿನಿಯರ್. ಆ ಗುಡ್ಡದಲ್ಲಿ ಜಲ್ಲಿ ಕ್ವಾರಿ ಮಾಡುವ ಕಂಪನಿಗಾಗಿ ಪ್ಲಾನ್ ಬರೆಯಲು ಬಂದಿದ್ದರು. ಮೂರು ಕಾಲಿನ ಸರ್ವೆ ಮಿಷನ್ ಬಿಸಿಲಲ್ಲಿ ನಿಂತಿತ್ತು.

"ಮತ್ತೆ ದೂರದಲ್ಲಿ ಆ ಕಲ್ಲಿನ ಗೋಡೆ ಕಾಣ್ತಿದೆಯಲ್ಲ, ಅದೇನು?"

"ಅದು ಹಳೇ ಕುರಿ ರೊಪ್ಪ. ಈಗ ಯಾರೂ ಬರಲ್ಲ."

ರೊಪ್ಪ ಹಳೆಯದೇನೋ ನಿಜ. ಆದರೆ ದೀಪಾಳ ಅಜ್ಜ ಎತ್ತಪ್ಪ ದಿನಾ ಸಂಜೆ ಕುರಿಗಳನ್ನು ಕೂಡಿಹಾಕುತ್ತಿದ್ದುದು ಅಲ್ಲೇ. ಈಗ ಅವನು ಮಂದೆ ಹೊಡೆದುಕೊಂಡು ಗುಡ್ಡದ ಆಚೆ ಹೋಗಿದ್ದ.

ಮೇಡಂ ಬಂದ ಜೀಪಿನ ಬಾನೆಟ್ ಮೇಲೆ ಡ್ರೈವರ್ ಮಗ ಸುದೀಪ್ ಕೂತಿದ್ದ. ಪಕ್ಕದೂರಿನವನು, ದೀಪಾಳ ಕ್ಲಾಸಿನವನೇ. ಮೊನ್ನೆ ಅವಳು ಕ್ಲಾಸಿಗೆ ಬಂದಾಗ ಮೂಗು ಹಿಡಿದುಕೊಂಡು, "ಯಾರ್ಲೇ ಅದು, ಕುರಿ ಒಳಗೆ ಬಿಟ್ಟೋರು? ಮ್ಯಾ..." ಎಂದಿದ್ದ. ಎಲ್ಲರೂ ನಕ್ಕಿದ್ದರು. "ಕುರಿ ನಮ್ಮವಲ್ಲ, ಪಕ್ಕದ ಮನೇವು," ಎಂದಿದ್ದಳು ದೀಪಾ. ಈಗ ಅವನೆದುರಿಗೆ ಬೇರೆ ಮಾತು ಹೇಗೆ ಹೇಳುವುದು?

"ಹಾಗಾದ್ರೆ ಒಳ್ಳೇದೇ ಆಯ್ತು," ಎಂದರು ಮೇಡಂ. "ಕಲ್ಲು ತೆಗೆಯೋಕೆ ಮುಂಚೆ ಮೇಲಿನ ಮಣ್ಣೆಲ್ಲ ಬಳಿದು ಒಂದು ಕಡೆ ಗುಡ್ಡೆ ಹಾಕ್ತೀವಿ. ಕಲ್ಲು ಮುಗಿದ ಮೇಲೆ ಅದೇ ಮಣ್ಣು ವಾಪಸ್ ಹರಡಿ ಹುಲ್ಲು, ಗಿಡ ಬೆಳೆಸ್ಬೇಕು. ಆ ಗುಡ್ಡೆಗೆ ಖಾಲಿ ಜಾಗ ಬೇಕಿತ್ತು."

ಅವರು ಕಾಗದದ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆ ಎಳೆದರು. ಗೆರೆ ರೊಪ್ಪದ ಮೇಲೆಯೇ ಹಾದುಹೋದದ್ದನ್ನು ದೀಪಾ ನೋಡಿದಳು.

ಸಂಜೆ ಅಜ್ಜ ಬಂದ. ಕುರಿಗಳನ್ನು ರೊಪ್ಪಕ್ಕೆ ಬಿಡುವ ಮೊದಲು ಗೋಡೆಯ ಪಕ್ಕ ಹೋಗಿ ನಿಂತ. ಹೋದ ವರ್ಷ ಅಜ್ಜಿಯನ್ನು ಮಣ್ಣು ಮಾಡಿದ್ದು ಅಲ್ಲೇ. ದಿನದಂತೆ ತನ್ನ ಬಾಟಲಿಯಲ್ಲಿ ಉಳಿಸಿಕೊಂಡು ಬಂದಿದ್ದ ನೀರನ್ನು ಅಲ್ಲಿ ಚಿಮುಕಿಸಿ ಕೈ ಮುಗಿದ.

"ಯಾರೋ ಜೀಪ್‌ನಾಗೆ ಬಂದಿದ್ರಂತಲ್ಲವ್ವ?" ಎಂದು ಕೇಳಿದ.

"ಹೂಂ," ಎಂದಳು ದೀಪಾ. ಒಂದು ಮರಿಯನ್ನು ಎತ್ತಿಕೊಂಡು ರೊಪ್ಪದೊಳಗೆ ಹೋದಳು.

ಮುಂದಿನ ವಾರ ಶಾಲೆಯ ಅಂಗಳದಲ್ಲಿ ಸಭೆ. ಪ್ಲಾನ್ ಮೇಲಕ್ಕೆ ಕಳಿಸುವ ಮೊದಲು ಊರಿನವರಿಗೆ ತೋರಿಸಬೇಕಿತ್ತು. ದೊಡ್ಡ ನಕ್ಷೆಯನ್ನು ಗೋಡೆಗೆ ತೂಗುಹಾಕಿದ್ದರು.

"ಕಲ್ಲೆಲ್ಲ ಖಾಲಿ ಆದ್ಮೇಲೆ ಗಿಡ ನೆಡ್ತಾರಂತೆ!" ಎಂದ ಮುದುಕ ಉಗ್ರಪ್ಪ. "ಆ ನೆಳ್ಳಾಗೆ ನಂಗೊಂದು ಮಂಚ ಹಾಕಿ ಇಟ್ಟಿರ್ರಪ್ಪ, ಬರ್ತೀನಿ!"

ಜನ ನಕ್ಕರು. ಎತ್ತಪ್ಪ ನಗಲಿಲ್ಲ. ಅವನಿಗೆ ಓದು ಬಾರದು. ಮೊಮ್ಮಗಳನ್ನು ಕರೆದು, "ಇದ್ರಾಗೆ ನಮ್ಮ ರೊಪ್ಪ ಎಲ್ಲೈತೆ ತೋರ್ಸವ್ವ," ಎಂದ.

ದೀಪಾ ನೋಡಿದಳು. ರೊಪ್ಪ ಇರಬೇಕಾದ ಕಡೆ ಬರೀ ಹಸಿರು ಗೆರೆಗಳು. ನಡುವೆ 'ಮಣ್ಣಿನ ಗುಡ್ಡೆ' ಎಂದು ಬರೆದಿತ್ತು. ಸುದೀಪ್ ಅಲ್ಲೇ ಕಂಬಕ್ಕೆ ಒರಗಿ ಇತ್ತಲೇ ನೋಡುತ್ತಿದ್ದ. ಅವಳ ಬೆರಳು ತಾನಾಗಿಯೇ ನಕ್ಷೆಯ ಒಂದು ಖಾಲಿ ಮೂಲೆಗೆ ಹೋಯಿತು.

"ಇಲ್ಲೈತೆ ಅಜ್ಜ."

"ಅಲ್ಲೇನೂ ಮುಟ್ಟಲ್ವಂತಾ?"

"ಇಲ್ಲ."

ಅಜ್ಜ ಹೆಗಲಿನ ಟವೆಲಿನಿಂದ ಕೈಬೆರಳು ಒರೆಸಿಕೊಂಡ. ಆ ಖಾಲಿ ಮೂಲೆಯನ್ನು ಮೆಲ್ಲಗೆ ಮುಟ್ಟಿ, ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

"ನಿಮ್ಮಜ್ಜಿ ತಣ್ಣಗೆ ಮಲ್ಗಿರ್ಲಿ. ಶಿವ ದೊಡ್ಡೋನು," ಎಂದ.

ಅಜ್ಜ ಮುಟ್ಟಿ ಕಣ್ಣಿಗೊತ್ತಿಕೊಂಡ ಮೂಲೆಯಲ್ಲಿ ಏನೂ ಇರಲಿಲ್ಲ. ಬಿಳಿ ಕಾಗದ, ಅಷ್ಟೆ. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಜನರ ನಡುವೆ ನುಸುಳಿ ಮೇಡಂ ಹತ್ತಿರ ಹೋದಳು.

"ಮೇಡಂ, ಅವತ್ತು ನಾನು ಸುಳ್ಳು ಹೇಳ್ದೆ. ಆ ರೊಪ್ಪ ನಮ್ದೇ. ದಿನಾ ಅಜ್ಜ ಅಲ್ಲೇ ಕುರಿ ಕೂಡ್ತಾನೆ. ನಮ್ಮಜ್ಜೀನ ಮಣ್ಣು ಮಾಡಿರೋದೂ ಅಲ್ಲೇ."

"ಕುರಿ ಪಕ್ಕದ ಮನೇವು ಅಂದಿದ್ಯಲ್ಲೇ!" ಎಂದ ಸುದೀಪ್.

"ನಮ್ಮವೇ ಕಣೋ," ಎಂದಳು ದೀಪಾ.

ಹತ್ತಿರ ನಿಂತವರೆಲ್ಲ ತಿರುಗಿ ನೋಡಿದರು. ಅಜ್ಜನಿಗೂ ಕೇಳಿಸಿತ್ತು.

"ಯಾಕಮ್ಮ ಹಾಗೆ ಹೇಳಿದ್ದು?" ಎಂದರು ಮೇಡಂ.

ಅಷ್ಟರಲ್ಲಿ ಅಜ್ಜ ಮುಂದೆ ಬಂದು, "ಸಣ್ಣ ಹುಡ್ಗಿ ಮೇಡಂನೋರೆ. ಏನೋ ಗೊತ್ತಾಗ್ದಂಗೆ ಅಂದಿರ್ತಾಳೆ ಬಿಡ್ರಿ," ಎಂದ.

ಅವನು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ದೀಪಾಳಿಗೆ.

"ಪ್ಲಾನ್ ಇನ್ನೂ ಕಳ್ಸಿಲ್ಲ," ಎಂದರು ಮೇಡಂ. "ಗುಡ್ಡೆ ಬೇರೆ ಕಡೆ ಹಾಕೋಕಾಗುತ್ತಾ ನೋಡ್ತೀನಿ. ಆಗುತ್ತೆ ಅಂತ ಈಗಲೇ ಮಾತು ಕೊಡಲ್ಲ. ಮೊದ್ಲು ಜಾಗ ತೋರ್ಸಿ ಯಜಮಾನ್ರೇ."

"ಬರ್ರಿ, ಹೋಗಾಣ," ಎಂದ ಅಜ್ಜ.

ಗೇಟು ದಾಟಿದ ಮೇಲೆ ಅವನು ಎಡಕ್ಕೆ, ಕೆರೆ ಏರಿಯ ಕಡೆ ತಿರುಗಿದ.

"ಶಾಲೆ ಪಕ್ಕದಲ್ಲೇ ದಾರಿ ಇದೆಯಲ್ಲ, ಅದು ಹತ್ತಿರ ಅಲ್ವಾ?" ಎಂದರು ಮೇಡಂ.

"ಹತ್ರಾನೇ ರೀ. ಮೊದ್ಲು ಆ ಕಡೇಲೇ ಮಂದೆ ಹೊಡ್ಕಂಡು ಹೋಗ್ತಿದ್ದೆ. ಮಳೆಗಾಲದಿಂದ ಬಿಟ್ಟೆ."

"ಯಾಕೆ?"

"ಹುಡುಗ್ರು ಆಡ್ತಿರ್ತಾವೆ. ಧೂಳು ಯಾಕೆ ಸುಮ್ನೆ? ಈಗ ಕುರಿಗೂ ಈ ದಾರೀನೇ ರೂಢಿ ಆಗೈತೆ, ನಂಗೂ ಅಷ್ಟೇಯ."

ಅವರ ಹಿಂದೆ ನಡೆಯುತ್ತಿದ್ದ ದೀಪಾ ನಿಂತುಬಿಟ್ಟಳು. ಮಳೆಗಾಲದ ಒಂದು ಮಧ್ಯಾಹ್ನ. ಊಟದ ಬೆಲ್ ಹೊಡೆದಿತ್ತು. ಅಜ್ಜನ ಮಂದೆ ಶಾಲೆಯ ಮುಂದೆ ಹಾದುಬಂತು. ಅವಳು ಗೆಳತಿಯರನ್ನು ಬಿಟ್ಟು ಓಡಿ ನೀರಿನ ಟ್ಯಾಂಕಿನ ಹಿಂದೆ ಅವಿತಿದ್ದಳು. ಅಜ್ಜ ನೆಟ್ಟಗೆ ಮುಂದೆ ನೋಡಿಕೊಂಡೇ ಹೋಗಿದ್ದ. ಕಾಣಲಿಲ್ಲ ಅವನಿಗೆ ಎಂದುಕೊಂಡಿದ್ದಳು.

ಕಂಡಿತ್ತು.

ಅಂದಿನಿಂದ ಅವನು ಅಷ್ಟು ಕುರಿಗಳನ್ನೂ ಕರೆದುಕೊಂಡು ಸುತ್ತು ದಾರಿ ನಡೆದಿದ್ದ. ಮನೆಯಲ್ಲಿ ಒಂದು ಮಾತೂ ಎತ್ತಿರಲಿಲ್ಲ.

ಏರಿಯ ಮೇಲೆ ಅಜ್ಜನ ಹೆಜ್ಜೆ ನಿಧಾನವಾಯಿತು. ಅವಳು ಹಿಂದೆ ಉಳಿದದ್ದು ಅವನಿಗೆ ತಿಳಿದಿತ್ತು. ಆದರೂ ತಿರುಗಿ ನೋಡಲಿಲ್ಲ.

"ನಿಧಾನಕ್ಕೆ ಬಾರವ್ವ," ಎಂದ, ಮುಂದೆ ನೋಡಿಕೊಂಡೇ.

ದೀಪಾ ಲಂಗದ ಅಂಚಿನಿಂದ ಮುಖ ಒರೆಸಿಕೊಂಡಳು.